ಅಲುಗಾಡಿದ ಮದ್ದು

ಮೊಂಟಾನಾ, ಸೋಮವಾರ

ಪ್ರೀತಿಯ ವೆಂಡೆಲ್,

ನಿನ್ನಕ್ಕ ಕ್ಷೇಮ.

ನಿನ್ನೆ ಗುರಿ ಹೊಡೆಯುವ ಮೈದಾನದಲ್ಲಿ "ಹೊಡೀರಿ ಭಾವ, ನಾನೇ ಕೈಯಾರೆ ತುಂಬಿಸಿದ್ದು" ಎಂದು ನೀನು ಕೊಟ್ಟ ಕಾಡತೂಸನ್ನು ಕೋವಿಗೆ ಹಾಕುವ ಮೊದಲು ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಮರಳಿನಂತೆ ಸರಸರ ಎಂದಿತು. ತಲೆನೋವು ಎಂದು ಹೇಳಿ ಮನೆಗೆ ಬಂದುಬಿಟ್ಟೆ.

ಒತ್ತಿ ತುಂಬಿದ ಕರಿಮದ್ದು ಅಲುಗಾಡುವುದಿಲ್ಲ. ನಿನಗೆ ಕಲಿಸಿದವನೇ ನಾನು. ಬಿಚ್ಚಿ ನೋಡಿದರೆ ಹೊಗೆ ಬಾರದ ಈಗಿನ ಮದ್ದು! ಕರಿಮದ್ದಿಗಿಂತ ಎಷ್ಟೋ ಪಟ್ಟು ಬಿರುಸು ಅದು. ಹಳೇ ಕೋವಿಯ ಅಗ್ಗದ ನಕಲು ನನ್ನದು, ಮುಖದ ಮೇಲೇ ಸಿಡಿಯುತ್ತಿತ್ತು.

"ಡಬ್ಬಿ ಅದಲುಬದಲಾಗಿರುತ್ತೆ ಬಿಡ್ರಿ" ಎನ್ನುತ್ತಾಳೆ ನಿನ್ನಕ್ಕ. ಇರಬಹುದು. ನಿನಗೆ ಕೊಟ್ಟಿದ್ದ, ಸೀಸದ ಗುಂಡು ಎರಕ ಹೊಯ್ಯುವ ನನ್ನ ಅಚ್ಚನ್ನು ವಾಪಸ್ ಕಳಿಸು.

ಆದರೆ ಯಾವತ್ತೂ ನನ್ನ ಹೆಗಲ ಪಕ್ಕದಲ್ಲೇ ನಿಂತು, ಗುರಿಗೆಂದು ನಿಲ್ಲಿಸಿದ ಕಬ್ಬಿಣದ ಕಾಡೆಮ್ಮೆಗೆ ಗುಂಡು ತಾಗಿತೋ ಇಲ್ಲವೋ ಹೇಳುವ ನೀನು, ನಿನ್ನೆ ಟ್ರಕ್ಕಿನ ಹಿಂದೆ ಹೋಗಿ ನಿಂತಿದ್ದೇಕೆ?

ನಿನ್ನ ಭಾವ,
ಓರಿನ್