ಸದ್ದು ಮಾಡುವ ರೊಟ್ಟಿ

ಸುರಪುರ
ಸೋಮವಾರ

ಹೆಡ್ಮಾಸ್ತರ್ ಅಮರಪ್ಪ ಅವರಿಗೆ, ಹತ್ತನೇ ತರಗತಿಯ ದೇವಿಕಾಳ ತಾಯಿಯ ನಮಸ್ಕಾರ.

ಮಕ್ಕಳ ಡಬ್ಬಿಗೆಂದು ನೀವು ಕಳಿಸಿದ ಪಟ್ಟಿ ತಲುಪಿತು. ಒಂದು ದಿನ ಬ್ರೆಡ್ಡು, ಮರುದಿನ ನೂಡಲ್ಸು, ಆಮೇಲೆ ಮತ್ತೆ ಬ್ರೆಡ್ಡು. ಖಡಕ್ ರೊಟ್ಟಿ ಮುರಿಯುವ ಸದ್ದಿಗೆ ಶಾಲೆಯ ಶಿಸ್ತು ಕೆಡುತ್ತದೆ ಎಂದೂ ಬರೆದಿದ್ದೀರಿ. ರೊಟ್ಟಿಯ ಸದ್ದಿಗೆ ಕೆಡುವಂಥ ಶಿಸ್ತನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಆದರೂ ಒಂದು ವಾರ ನಿಮ್ಮ ಮಾತಿನಂತೆಯೇ ಡಬ್ಬಿ ಕಟ್ಟಿದೆ. ದಿನಾ ಸಂಜೆ ಮಗಳು ಹೆಗಲ ಚೀಲ ಇಳಿಸುವ ಮೊದಲೇ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದಳು. "ಯವ್ವಾ, ಉಂಡು ಒಂದ್ ಪಿರೇಡಿಗೇ ಹೊಟ್ಟಿ ಚುರುಚುರು ಅಂತದ, ಪಾಠ ತಲಿಗಿ ಹತ್ತಲ್ಲ" ಎಂದಳು. ಇಂದಿನಿಂದ ಮತ್ತೆ ಮೂರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟುತ್ತಿದ್ದೇನೆ. ತೊಂದರೆಯಾದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ನಮ್ಮ ಕಡೆ ಹತ್ತಿಗೇನೂ ಬರವಿಲ್ಲ.

ಇನ್ನು ನಿನ್ನೆಯ ಮಾತು. ರೊಟ್ಟಿ ಮಾಡಿ ಮಾರುವ ನನ್ನ ಬಾಗಿಲಿಗೆ ನೀವೇ ಬಂದು, "ಪರಿಮಳಕ್ಕಾ, ನನ್ನ ಮಗಳು ಹಾಸ್ಟೆಲಿಗಿ ಹೊಂಟಾಳ. ಅಲ್ಲಿ ಬ್ರೆಡ್ ಕೊಡ್ತಾರ, ಹೊಟ್ಟಿಗಿ ಸಾಲಂಗಿಲ್ಲಂತ. ಐವತ್ತು ಖಡಕ್ ರೊಟ್ಟಿ ಬಡದ್ ಕೊಡ್ರಿ" ಎಂದಿರಿ. ಪಟ್ಟಿಯ ನೆನಪು ನಿಮಗೂ ಆಗಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.

ಹಸಿದ ಹುಡುಗಿಗೆ ಇಲ್ಲ ಎನ್ನಲು ನಾನೇನು ಹೆಡ್ಮಾಸ್ತರಲ್ಲ. ಐವತ್ತೂ ರೊಟ್ಟಿಯನ್ನು ದೇವಿಕಾಳ ಕೈಯಲ್ಲಿ ಕಳಿಸಿದ್ದೇನೆ. ಬುಟ್ಟಿ ವಾಪಸ್ ಕೊಡಿ. ರೊಟ್ಟಿಯನ್ನು ಸದ್ದಿಲ್ಲದೆ ಮುರಿಯುವುದನ್ನು ನಿಮ್ಮ ಮಗಳಿಗೆ ನೀವೇ ಕಲಿಸಿ. ಆಕೆ ಕಲಿತ ದಿನ ನಿಮ್ಮ ಪಟ್ಟಿಯನ್ನು ಮತ್ತೊಮ್ಮೆ ಓದುತ್ತೇನೆ.

ಇಂತಿ,
ರೊಟ್ಟಿ ಪರಿಮಳಾ