ಚೀಟಿಯಲ್ಲಿ ಬಾರದ ಚೌಕ

ಮರ್ಕಂಜ
೧೯-೧-೧೯೬೪

ಪ್ರೀತಿಯ ತಿರುಮಲೇಶ್ವರನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀ ಮಗನೇ? ನೀನು ಸರಿಯಾಗಿ ಉಣ್ಣುತ್ತಿಲ್ಲ ಎಂದು ಬೊಂಬಾಯಿಯಿಂದ ಬಂದ ಸುಂದರ ಹೇಳಿದ. ಸಿಟ್ಟನ್ನು ಹೊಟ್ಟೆಯ ಮೇಲೆ ತೋರಿಸಬೇಡ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಈ ಸಲ ಕೈ ಬರುವುದಿಲ್ಲ. ನಿನ್ನ ತಂಗಿ ಈಶ್ವರಿ ಎದ್ದು ಓಡಾಡುತ್ತಾಳೆ, ಅಷ್ಟೆ. ತೊಟ್ಟಿಲನ್ನು ಅಟ್ಟಕ್ಕೆ ಏರಿಸಲು ಬಿಡುವುದಿಲ್ಲ.

ಈಶ್ವರಿಯ ಮಗುವನ್ನು ಕೊಂದದ್ದು ನಾನೇ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಓದಿ ಸಿಟ್ಟೂ ಬಂತು, ಅಳುವೂ ಬಂತು. ಪುತ್ತೂರಿನ ಡಾಕ್ಟರರು ಕಾಮಾಲೆ ಎಂದಿದ್ದಾರೆ. ಹುಟ್ಟಿದ ಮಗುವನ್ನು ಸೋದರಮಾವನ ಹಳೆಯ ಪಂಚೆಯಲ್ಲಿ ಸುತ್ತುವುದು ನಮ್ಮ ಮನೆಯಲ್ಲಿ ಮೊದಲಿನಿಂದ ಬಂದದ್ದು, ನೀನು ಕಳಿಸಿದೆ. ನಿಮ್ಮ ಕಾರ್ಖಾನೆಯಲ್ಲಿ ಆ ವಿಕಿರಣದ ಧೂಳು ಚೆಲ್ಲಿದಾಗ ನೀವು ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ ಬಟ್ಟೆಗಳಲ್ಲಿ ಕೆಲವನ್ನು ಮಾತ್ರ ಚೀಟಿ ಎತ್ತಿ ಪರೀಕ್ಷಿಸಿದರು. ಅವೆಲ್ಲ ಚೊಕ್ಕ ಇದ್ದವು. ನಿನ್ನ ಪಂಚೆಯ ಚೀಟಿ ಬರಲೇ ಇಲ್ಲ, ಅದೂ ಚೊಕ್ಕವೇ ಎಂದು ನೀನು ನಂಬಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುವವಳು ನಾನು. ಆದರೆ ಅನ್ನ ಒಂದೇ ನೀರಿನಲ್ಲಿ ಬೇಯುತ್ತದೆ. ಈ ಧೂಳು ಒಂದು ಕಡೆ ಕೂತು ಪಕ್ಕದಲ್ಲೇ ಇಲ್ಲದಿರಬಹುದು ಎಂದು ನೀನೇ ಬರೆದೆ. ಚೀಟಿ ಬಾರದ ಇನ್ನೊಬ್ಬನ ಅಂಗಿಯಲ್ಲಿ ಈಗ ಧೂಳು ಸಿಕ್ಕಿತು, ಪಂಚೆ ಮುಟ್ಟಬೇಡಿ ಎಂಬ ನಿನ್ನ ಕಾಗದ ತಲುಪುವಾಗ ಮಗು ತೀರಿಕೊಂಡಾಗಿತ್ತು.

ಆಮೇಲೆ ನೀನು ಹೇಳಿದಂತೆಯೇ ಮಾಡಿದ್ದೇವೆ. ಅಳಿಯ ಶ್ಯಾಮ ಕೈಗೆ ಬಾಳೆಲೆ ಸುತ್ತಿಕೊಂಡು ಪಂಚೆಯ ಮೇಲೆ ಮಸಿಯಲ್ಲಿ ಚೌಕಗಳನ್ನು ಎಳೆದು ನಂಬರು ಹಾಕಿದ. ಕೈಗೆ ಬಿಟ್ಟರೆ ಅದು ತನಗೆ ಬೇಕಾದಲ್ಲಿಗೇ ಹೋಗುತ್ತದೆ, ಚೀಟಿಗೇ ಬಿಡಬೇಕು ಎಂದು ಬರೆದಿದ್ದೆಯಲ್ಲ, ಹಾಗೆಯೇ ಚೀಟಿ ಎತ್ತಿ, ಬಂದ ಚೌಕಗಳನ್ನು ಕತ್ತರಿಸಿ, ನೀನು ಅಲ್ಲಿ ಪರೀಕ್ಷೆ ಮಾಡಿಸಲೆಂದು ತಗಡಿನ ಡಬ್ಬಿಗೆ ಹಾಕಿದೆವು. ಉಳಿದದ್ದನ್ನು ಹೂತೆವು. ಈಶ್ವರಿ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಅಣ್ಣನಿಗೆ ಎರಡು ಸಾಲು ಬರೆಯೇ ಎಂದರೆ, "ಅಣ್ಣನ ಹತ್ರ ಪಂಚೆ ಕೇಳಿದ್ದು ನಾನಲ್ವಾ ಅಮ್ಮ, ಇನ್ನು ಎಂತ ಬರೆಯುದು?" ಎಂದಳು. ಅಲ್ಲಿ ನೀನು ನಿನ್ನನ್ನು ಬೈದುಕೊಳ್ಳುತ್ತೀ, ಇಲ್ಲಿ ಅವಳು ತನ್ನನ್ನು. ಇಬ್ಬರನ್ನೂ ಹೆತ್ತವಳು ನಾನು, ಯಾರಿಗೆಂದು ಸಮಾಧಾನ ಹೇಳಲಿ?

ದೇವರು ನಿನ್ನನ್ನು ಕಾಯಲಿ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಅಮ್ಮ,
ಗೋದಾವರಿ

ವಿ.ಸೂ.: ಸುಂದರ ಬಸ್ಸಿಗೆ ಹೊರಟು ನಿಂತಿದ್ದಾನೆ, ಡಬ್ಬಿ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅದರಲ್ಲಿ ಒಂದು ತುಂಡಿಗೆ ಕೆಂಪು ನೂಲು ಕಟ್ಟಿದೆ. ಅದು ಚೀಟಿಯಲ್ಲಿ ಬಂದದ್ದಲ್ಲ. ಮಗುವಿನ ಕೆನ್ನೆ ತಾಗುತ್ತಿದ್ದ ಜಾಗ. ಹೂಳುವ ಮೊದಲು ಈಶ್ವರಿಯೇ ಎದ್ದು ಬಂದು ಕತ್ತರಿಸಿದಳು. ಉಳಿದ ತುಂಡುಗಳ ಲೆಕ್ಕ ಅವಳಿಗೆ ಬೇಡ, ಅದೊಂದರ ಉತ್ತರಕ್ಕೆ ಕಾಯುತ್ತಿದ್ದಾಳೆ. ಅದರಲ್ಲಿ ಏನಾದರೂ ಸಿಕ್ಕಿದರೆ ನನಗೂ ತಿಳಿಸಬೇಡ. ಚೊಕ್ಕ ಇತ್ತು ಎಂದೇ ಅವಳಿಗೆ ಹೇಳು. ಕಾಗದದಲ್ಲಿ ಬೇಡ ಮಗನೇ, ಬಂದು ಹೇಳು.