ಹುಳುಮನೆಯ ಹೊಸಿಲು

ಲಕ್ಕೂರು
ಸೋಮವಾರ, 18-11-2024

ಮುದ್ದಿನ ಮಗಳು ಶ್ರೀವಾಣಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ನರಸಾಪುರದ ಆ ರೂಮಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಶಿಫ್ಟು ಮುಗಿಸಿ ಬಂದು ಬರೀ ಬನ್ನು ತಿಂದು ಮಲಗುತ್ತೀಯೋ? ಸೊಂಟನೋವು ವಾಸಿಯಾಯಿತೇ? ಫೋನಿನಲ್ಲಿ ನಾನು ಬಾಯಿ ತೆಗೆದರೆ ಕಟ್ ಮಾಡುತ್ತೀಯ, ಅದಕ್ಕೇ ಕಾಗದ. ನಿಮ್ಮ ಕಂಪನಿ ಬಸ್ಸಿಗೇ ಹತ್ತುವ ಪಕ್ಕದ ಮನೆ ಉಮೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು.

ನೀನು ಮನೆಗೆ ಬಂದು ಮೂರು ತಿಂಗಳಾಯಿತು. ಮುಟ್ಟಾದವಳು ರೇಷ್ಮೆ ಹುಳುಮನೆಯ ಹೊಸಿಲು ದಾಟಬಾರದು ಎನ್ನುವುದು ನಾನು ಹುಟ್ಟಿಸಿದ ಮಾತೇ? ನಮ್ಮತ್ತೆ ಪಾಲಿಸಿದರು, ನಾನು ಇಪ್ಪತ್ತಾರು ವರ್ಷ ಪಾಲಿಸಿದೆ. ನೀನು ಬೇಕೆಂದೇ ಒಳಗೆ ಹೋಗಿ ಸೊಪ್ಪು ಹಾಕಿದೆ. "ಹುಳ ಏನು ಕ್ಯಾಲೆಂಡರ್ ನೋಡ್ತಾವೇನಮ್ಮ?" ಅಂದೆ. ಎರಡನೇ ದಿನಕ್ಕೆ ತಟ್ಟೆಗಟ್ಟಲೆ ಹುಳು ಸತ್ತವು. ಹೊಟ್ಟೆ ಉರಿದು ನಾಲ್ಕು ಮಾತು ಆಡಿದೆ. ಹೆತ್ತವಳು ಅಷ್ಟೂ ಆಡಬಾರದೇ? "ನನ್ನ ಮೈ ಮೈಲಿಗೆ ಅನ್ನೋ ಮನೇಗೆ ನಾನ್ ಬರಲ್ಲ" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟೆಯಲ್ಲ!

ಈಗ ನಿಮ್ಮಪ್ಪನೂ ನಿನ್ನ ಕಡೆ. ನೀನು ಹೋದ ಮಾರನೆ ದಿನವೇ ರೇಷ್ಮೆ ಇಲಾಖೆಯವರನ್ನು ಕರೆಸಿ ಸತ್ತ ಹುಳು ತೋರಿಸಿದರು. ಬೇಲಿಯಾಚೆ ಚನ್ನರಾಯಪ್ಪನವರು ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತಂತೆ, ಅದನ್ನು ತಿಂದೇ ಹುಳು ಸತ್ತವಂತೆ. ಆ ಸಾಲಿನ ಸೊಪ್ಪು ಕೊಯ್ದವಳು ನಾನು. ಇಷ್ಟು ವರ್ಷ ಕೊಯ್ದವಳಿಗೆ ಔಷಧಿ ವಾಸನೆ ಗೊತ್ತಾಗುವುದಿಲ್ಲವೇ? ನಿನ್ನೆ ಮೊನ್ನೆ ನೌಕರಿಗೆ ಸೇರಿದಾತ ನನಗೆ ಹುಳು ಸಾಕುವುದು ಕಲಿಸುತ್ತಾನೆ! ನಿಮ್ಮಪ್ಪ, "ನೀನ್ ಹಿಡ್ದಿದ್ ಮೊಲಕ್ಕೆ ಮೂರೇ ಕಾಲು. ಹಿಂಗೇ ಇದ್ರೆ ಮಗಳನ್ನ ಕಳ್ಕೊಂತೀಯ ಕಣೇ" ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಆ ಮಾತು ಮಾತ್ರ ಎದೆಯಿಂದ ಹೋಗಿಲ್ಲ.

ಆದರೂ ಸೋಲುವವಳು ನಾನಲ್ಲ. ನನ್ನ ಮಾತೆಂದರೆ ಮಾತು. ನಿನಗೆ ಇಷ್ಟು ಹಟ ಎಲ್ಲಿಂದ ಬಂತು ಎಂದು ನಿಮ್ಮಪ್ಪನನ್ನು ಕೇಳಿದರೆ, ನನ್ನ ಮುಖ ನೋಡಿ ನಗುತ್ತಾರೆ. ಮೈಗೆ ಬೆಂಕಿ ಬೀಳುತ್ತದೆ.

ತಲೆಗೆ ಎಣ್ಣೆ ಹಾಕಿಕೋ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಅಂಜಮ್ಮ

ಬರೆಯಲು ಮರೆತೆ: ಈ ಸಲದ ಹುಳು ಗುರುವಾರಕ್ಕೆ ಹಣ್ಣಾಗುತ್ತವೆ. ಒಂದೇ ದಿನದಲ್ಲಿ ಎಲ್ಲವನ್ನೂ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆಳು ಸಿಕ್ಕಿಲ್ಲ. ರಜೆ ಹಾಕಿ ಬಾ, ಬಂದವಳು ನೇರ ಒಳಗೆ ಬಾ. ಹೊರಗಾಗಿದ್ದೀಯೋ ಇಲ್ಲವೋ ನಾನು ಕೇಳುವುದಿಲ್ಲ. ನೀನೂ ಹೇಳಬೇಡ.